ಸ್ವಂತ ಕೆಲಸದಿಂದ ಸಂಬಳದ ಕೆಲಸಕ್ಕೆ: ಒಪ್ಪುವ ಮೊದಲು ಮುಗಿಸಬೇಕಾದ ಲೆಕ್ಕ

ಪ್ರಶ್ನೆ: ನನಗೆ 39 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ಮನೆ. ಬೆಂಗಳೂರಿನ ಜಾಹೀರಾತು ಸಂಸ್ಥೆಯೊಂದರಲ್ಲಿ ಮೂರು ವರ್ಷ ದುಡಿದು 2013ರಲ್ಲಿ ಊರಿಗೆ ಮರಳಿದೆ. ಅಂದಿನಿಂದ ಮದುವೆ ಫೋಟೊ, ವಿಡಿಯೊ, ಹೋಂಸ್ಟೇಗಳ ವೆಬ್‌ಸೈಟ್ ಮತ್ತು ಪ್ರಚಾರದ ಕೆಲಸ ಮಾಡಿಕೊಂಡಿದ್ದೇನೆ. ಐದು ವರ್ಷಗಳಿಂದ ಒಬ್ಬ ಹುಡುಗ ಜೊತೆಗಿದ್ದಾನೆ. 2018ರ ಭೂಕುಸಿತ, ಮರುವರ್ಷದ ಪ್ರವಾಹ, ಆಮೇಲೆ ಲಾಕ್‌ಡೌನ್ ಮೂರನ್ನೂ ಹೇಗೋ ದಾಟಿದೆ. ಒಳ್ಳೆಯ ತಿಂಗಳಲ್ಲಿ ಲಕ್ಷ ಮೀರುತ್ತದೆ; ಮಳೆಗಾಲದಲ್ಲಿ ಹತ್ತು ಸಾವಿರಕ್ಕೂ ಪರದಾಟ. ಮಗಳು ಹೈಸ್ಕೂಲಿಗೆ ಬರುತ್ತಿದ್ದಾಳೆ. ನಿಶ್ಚಿತ ವರಮಾನವಿಲ್ಲವೆಂದು ಬ್ಯಾಂಕಿನಲ್ಲಿ ಮನೆ ಸಾಲ ಸಿಗಲಿಲ್ಲ. ಈಗ ಮಡಿಕೇರಿ ಸಮೀಪದ ರೆಸಾರ್ಟ್ ಒಂದು ಪ್ರಚಾರ ವಿಭಾಗ ನೋಡಿಕೊಳ್ಳಲು ಕರೆದಿದೆ. ವರ್ಷಕ್ಕೆ 5.4 ಲಕ್ಷ ಎಂದಿದ್ದಾರೆ, ಏಪ್ರಿಲ್ ಒಂದಕ್ಕೆ ಸೇರಬೇಕಂತೆ. ಜನರಲ್ ಮ್ಯಾನೇಜರ್ ಜೊತೆ ಕೊನೆಯ ಮಾತುಕತೆ ಬಾಕಿ ಇದೆ. ಏಪ್ರಿಲ್, ಮೇ ತಿಂಗಳಿಗೆ ಏಳು ಮದುವೆಗಳ ಮುಂಗಡ ಪಡೆದಿದ್ದೇನೆ. ಒಪ್ಪಬಹುದೇ? ಈ ವಯಸ್ಸಿನಲ್ಲಿ ಇನ್ನೊಬ್ಬರ ಕೈಕೆಳಗೆ ಹೊಂದಿಕೊಳ್ಳಲು ಆದೀತೇ? ಕ್ಯಾಮೆರಾಗಳನ್ನು ಮಾರಿಬಿಡಬೇಕೇ? ವರ್ಷದ ಲೆಕ್ಕವನ್ನು ಜೊತೆಗಿಟ್ಟಿದ್ದೇನೆ.

ಉತ್ತರ: ಕೆಲಸ ಒಪ್ಪಿಕೊಳ್ಳಿ. ಆದರೆ ಏಪ್ರಿಲ್ ಒಂದಕ್ಕೆ ಬೇಡ, ಅವರು ಈಗ ಹೇಳಿರುವ ಮೊತ್ತಕ್ಕೂ ಬೇಡ. ನಿಮ್ಮ ಸ್ಥಿತಿಯಲ್ಲಿರುವವರು ಹೆಚ್ಚಾಗಿ ಎಡವುವುದು ಹೊಸ ಕೆಲಸದಲ್ಲಿ ಅಲ್ಲವೇ ಅಲ್ಲ. ಹಳೆಯ ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋಗುವುದರಲ್ಲಿ. ಆ ಕಡೆಯ ಬಾಕಿಗಳು ಈ ಕಡೆಯ ಸಂಬಳವನ್ನು ತಿಂಗಳು ತಿಂಗಳು ಕಚ್ಚುತ್ತಿರುತ್ತವೆ. ಹಾಗಾಗಿ ಮೊದಲು ನೀವು ಕಳುಹಿಸಿರುವ ಲೆಕ್ಕವನ್ನೇ ಎದುರಿಗಿಟ್ಟುಕೊಳ್ಳೋಣ.

ವರ್ಷದಲ್ಲಿ ಒಟ್ಟು 9.6 ಲಕ್ಷ ಬಂದಿದೆ. ತಿಂಗಳಿಗೆ 80,000 ಎಂದು ನೀವು ಅದರ ಪಕ್ಕದಲ್ಲಿ ಬರೆದಿದ್ದೀರಿ. ಅದು ನಿಮ್ಮ ದುಡಿಮೆಯಲ್ಲ, ನಿಮ್ಮ ವಹಿವಾಟು. ಹುಡುಗನ ಸಂಬಳ 1.44 ಲಕ್ಷ, ಕ್ಯಾಮೆರಾ ಸಾಲದ ಕಂತು ತಿಂಗಳಿಗೆ 8,500ರಂತೆ 1.02 ಲಕ್ಷ, ವಾಹನ ಮತ್ತು ಡೀಸೆಲ್ 90,000, ಇಂಟರ್‌ನೆಟ್ ಮತ್ತು ಸಾಫ್ಟ್‌ವೇರ್ 36,000, ರಿಪೇರಿ ಹಾಗೂ ಹೊಸ ಲೆನ್ಸ್ 80,000. ಹೋಂಸ್ಟೇಗಳಿಂದ ಬಾರದೇ ಉಳಿದ 70,000ವನ್ನು ನೀವು ಆದಾಯದಲ್ಲೇ ಸೇರಿಸಿದ್ದೀರಿ, ಅದನ್ನೂ ಕಳೆಯಬೇಕು. ಒಟ್ಟು 5.22 ಲಕ್ಷ ಹೋಯಿತು. ಉಳಿದದ್ದು 4.38 ಲಕ್ಷ, ಅಂದರೆ ತಿಂಗಳಿಗೆ 36,500. ಲಕ್ಷ ಬಂದ ಡಿಸೆಂಬರ್ ನೆನಪಿನಲ್ಲಿ ನಿಲ್ಲುತ್ತದೆ, ಏನೂ ಬಾರದ ಜುಲೈ ಮರೆತುಹೋಗುತ್ತದೆ. ಅದು ಮನುಷ್ಯನ ಸ್ವಭಾವ.

ಈಗ ರೆಸಾರ್ಟಿನ ಲೆಕ್ಕ. ವರ್ಷಕ್ಕೆ 5.4 ಲಕ್ಷವೆಂದರೆ ತಿಂಗಳಿಗೆ 45,000. ಇದು ನಿಮಗಾಗಿ ಸಂಸ್ಥೆ ಮಾಡುವ ಒಟ್ಟು ಖರ್ಚು, ನಿಮ್ಮ ಖಾತೆಗೆ ಬೀಳುವ ಹಣವಲ್ಲ. ಮೂಲ ವೇತನ ಅದರ ಅರ್ಧ, 22,500 ಎಂದುಕೊಳ್ಳೋಣ. ಭವಿಷ್ಯ ನಿಧಿಗೆ (ಪಿಎಫ್) ನೌಕರನೂ ಮಾಲೀಕನೂ ಮೂಲ ವೇತನದ ಶೇ 12ರಷ್ಟು ಕಟ್ಟಬೇಕು. ಎಷ್ಟೋ ಸಂಸ್ಥೆಗಳು ಇದನ್ನು 15,000 ರೂಪಾಯಿಯ ಮಿತಿಗೆ ನಿಲ್ಲಿಸಿ ತಲಾ 1,800 ಕಟ್ಟುತ್ತವೆ. ಮಾಲೀಕನ ಪಾಲೂ ಈ 45,000ದ ಒಳಗೇ ಸೇರಿರುತ್ತದೆ. ಕೆಲಸ ಬಿಡುವಾಗ ಕೊಡುವ ಇಡಿಗಂಟು, ಅಂದರೆ ಗ್ರಾಚ್ಯುಟಿಯ ಹೆಸರಿನಲ್ಲಿ ಮೂಲ ವೇತನದ ಶೇ 4.81, ಅಂದರೆ 1,082 ರೂಪಾಯಿಯನ್ನೂ ಒಟ್ಟು ಮೊತ್ತದಲ್ಲಿ ತೋರಿಸುವ ರೂಢಿ ಇದೆ. ಕಾಯಂ ನೌಕರ ಸಾಮಾನ್ಯವಾಗಿ ಐದು ವರ್ಷ ಪೂರೈಸದೆ ಆ ಹಣದ ಮುಖ ನೋಡುವುದಿಲ್ಲ. 200 ರೂಪಾಯಿ ವೃತ್ತಿ ತೆರಿಗೆ. ಇಷ್ಟೆಲ್ಲ ಕಳೆದರೆ ಕೈಗೆ ಸುಮಾರು 40,100.

36,500ಕ್ಕಿಂತ 40,100 ಹೆಚ್ಚೆಂದು ಇಲ್ಲಿಗೇ ನಿಲ್ಲಿಸಬೇಡಿ. 36,500 ಎನ್ನುವುದು ಕ್ಯಾಮೆರಾ ಕಂತು ಕಟ್ಟಿದ ಮೇಲೆ ಉಳಿದ ಹಣ. ನೌಕರಿಗೆ ಸೇರಿದರೂ ಕಂತು ನಿಲ್ಲುವುದಿಲ್ಲ. ಅದನ್ನು ಸಂಬಳದಿಂದ ತೆಗೆದರೆ 31,600 ಉಳಿಯಿತು. ಸಿದ್ದಾಪುರದಿಂದ ಚೆಟ್ಟಳ್ಳಿ ಮಾರ್ಗವಾಗಿ ಮಡಿಕೇರಿ ಕಡೆಗೆ ದಿನಕ್ಕೆ ಅರವತ್ತು ಕಿಲೋಮೀಟರಿನಷ್ಟು ಓಡಾಟ, ಬೈಕಿನಲ್ಲೇ ಹೋದರೂ ತಿಂಗಳಿಗೆ ಮೂರು ಸಾವಿರದ ಮೇಲೆ ಪೆಟ್ರೋಲು. ಅಲ್ಲಿಗೆ 28,000ದ ಆಸುಪಾಸು. ಮೊದಲ ವರ್ಷ ನಿಮ್ಮ ಕೈಯಲ್ಲಿ ಓಡಾಡುವ ಹಣ ಈಗಿನದಕ್ಕಿಂತ ಕಡಿಮೆಯೇ. ಭವಿಷ್ಯ ನಿಧಿಯಲ್ಲಿ ಎರಡೂ ಪಾಲು ಸೇರಿ ತಿಂಗಳಿಗೆ 3,600 ಕೂಡುತ್ತದೆ, ಜುಲೈಯಲ್ಲೂ ಸಂಬಳ ಬರುತ್ತದೆ, ನಿಜ. ಆದರೂ ಈ ಸಂಖ್ಯೆ ಗೊತ್ತಿದ್ದು ಒಪ್ಪುವುದಕ್ಕೂ ಮೂರನೇ ತಿಂಗಳು ಮನೆಯಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂರುವುದಕ್ಕೂ ಬಹಳ ವ್ಯತ್ಯಾಸವಿದೆ.

ಹಾಗಾದರೆ ಏನು ಕೇಳಬೇಕು? ತಿಂಗಳಿಗೆ 50,000 ಕೇಳಿ. 48,000ಕ್ಕೆ ಬಂದು ನಿಂತರೂ ತೊಂದರೆಯಿಲ್ಲ, ಆದರೆ ಆಗ ಓಡಾಟದ ವ್ಯವಸ್ಥೆ ಅವರದ್ದಾಗಿರಲಿ. ಇದನ್ನು ಭತ್ಯೆಯ ಆಸೆಗೆ ಹೇಳುತ್ತಿಲ್ಲ. ಸಿದ್ದಾಪುರದ ಸುತ್ತ ತೋಟಗಳ ನಡುವಿನ ರಸ್ತೆಗಳಲ್ಲಿ ಕತ್ತಲಾದ ಮೇಲೆ ಕಾಡಾನೆ ಎದುರಾಗುವುದು ಎಂಥದ್ದೆಂದು ನಿಮಗೆ ನಾನು ಹೇಳಬೇಕಿಲ್ಲ. ರೆಸಾರ್ಟಿನಲ್ಲಿ ಸಂಜೆ ಆರಕ್ಕೆ ಕೆಲಸ ಮುಗಿಯುವುದಿಲ್ಲ. ಅತಿಥಿಗಳ ಕಾರ್ಯಕ್ರಮ, ಕ್ಯಾಂಪ್‌ಫೈರ್ ಚಿತ್ರೀಕರಣ ಎಂದು ಒಂಬತ್ತು ಆಗುತ್ತದೆ. ಆ ಹೊತ್ತಿನಲ್ಲಿ ಬೈಕಿನಲ್ಲಿ ಮನೆಗೆ ಬರುವ ಕೆಲಸವನ್ನು ಯಾವ ಸಂಬಳಕ್ಕೂ ಒಪ್ಪಬಾರದು. ತಡವಾದ ದಿನ ವಾಹನ ಕೊಡಬೇಕು, ಇಲ್ಲವೇ ಅಲ್ಲೇ ತಂಗಲು ಕೋಣೆ ಕೊಡಬೇಕು. ಇದು ನೇಮಕಾತಿ ಪತ್ರದಲ್ಲಿ ಬರಲಿ. ಬಾಯಿಮಾತಿಗೆ ಒಪ್ಪಿದ ಮ್ಯಾನೇಜರ್ ಆರು ತಿಂಗಳಲ್ಲಿ ವರ್ಗವಾಗಿ ಹೋಗಿರುತ್ತಾರೆ.

ಸೇರುವ ದಿನ ಜೂನ್ ಮಧ್ಯಕ್ಕೆ ಹೋಗಲಿ. ಏಳು ಮನೆಗಳ ಮುಂಗಡ ನಿಮ್ಮ ಕೈಯಲ್ಲಿದೆ. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಮದುವೆಗೆ ತಿಂಗಳಿರುವಾಗ ಕೈಕೊಟ್ಟವನ ಹೆಸರು ಒಂದೇ ಋತುವಿನಲ್ಲಿ ಗೋಣಿಕೊಪ್ಪದಿಂದ ಕುಶಾಲನಗರದವರೆಗೆ ತಲುಪುತ್ತದೆ, ಆ ರೆಸಾರ್ಟಿಗೂ ತಲುಪುತ್ತದೆ. ಮೇ ಮುಗಿಯಲಿ. ಜೂನ್ ನಂತರ ಮದುವೆಗಳು ತೆಳುವಾಗುತ್ತವೆ, ಜುಲೈ-ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಂತೂ ಇಲ್ಲವೇ ಇಲ್ಲ. ರೆಸಾರ್ಟಿನ ದೃಷ್ಟಿಯಿಂದಲೂ ಇದು ಸರಿಯಾದ ಸಮಯ. ಮಳೆಗಾಲದಲ್ಲಿ ಅತಿಥಿಗಳು ಕಡಿಮೆ, ಕಲಿಯಲು ಬಿಡುವಿರುತ್ತದೆ, ದಸರೆಯಿಂದ ಹೊಸ ವರ್ಷದವರೆಗಿನ ಗಿರಾಕಿಗಾಗಿ ಪ್ರಚಾರ ಸಿದ್ಧಪಡಿಸಬೇಕಾದ್ದೂ ಆಗಲೇ. ಮಾತುಕತೆಯಲ್ಲಿ ಇದನ್ನು ನಿಮ್ಮ ಅನುಕೂಲವೆಂದು ಹೇಳಬೇಡಿ, ಅವರ ಅನುಕೂಲವೆಂದೇ ಹೇಳಿ. ಅದು ಸುಳ್ಳೇನಲ್ಲವಲ್ಲ. ಏಪ್ರಿಲ್ ಒಂದಕ್ಕೇ ಬರಬೇಕೆಂದು ಹಟ ಹಿಡಿದರೆ, ಒಪ್ಪಿಕೊಂಡ ಏಳು ಮದುವೆಗಳ ದಿನಾಂಕಗಳನ್ನು ಪಟ್ಟಿ ಮಾಡಿ ಆ ದಿನಗಳಿಗೆ ಸಂಬಳವಿಲ್ಲದ ರಜೆಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಬರಹದ ಮಾತು ಬಂದದ್ದರಿಂದ ಇನ್ನೆರಡು ಷರತ್ತುಗಳನ್ನು ಗಮನಿಸಿ. ‘ಬೇರೆ ಯಾವುದೇ ಉದ್ಯೋಗ ಅಥವಾ ವ್ಯವಹಾರದಲ್ಲಿ ತೊಡಗತಕ್ಕದ್ದಲ್ಲ’ ಎಂಬ ಸಾಲು ನೇಮಕಾತಿ ಪತ್ರದಲ್ಲಿ ಬಹುತೇಕ ಇದ್ದೇ ಇರುತ್ತದೆ. ಸಹಿ ಹಾಕಿದ ಮೇಲೆ ಹಳೆಯ ಹೋಂಸ್ಟೇಯೊಂದರ ಇನ್‌ಸ್ಟಾಗ್ರಾಂ ಪುಟವನ್ನು ಸಂಜೆ ಹೊತ್ತು ನೋಡಿಕೊಂಡರೂ ಅದು ಷರತ್ತಿನ ಉಲ್ಲಂಘನೆ. ಆ ಹೋಂಸ್ಟೇ ರೆಸಾರ್ಟಿನ ಪ್ರತಿಸ್ಪರ್ಧಿಯೂ ಹೌದು. ಹೋಂಸ್ಟೇ ಕೆಲಸಗಳನ್ನು ಪೂರ್ತಿ ಬಿಡಿ. ಮದುವೆಯ ಚಿತ್ರಗಳನ್ನು ರಜೆಯ ದಿನ ತೆಗೆಯಲು ಅನುಮತಿ ಕೇಳಬಹುದು, ಅದರಿಂದ ಅವರ ವ್ಯವಹಾರಕ್ಕೆ ಪೆಟ್ಟಿಲ್ಲ.

ಎರಡನೆಯದು ಚಿತ್ರಗಳ ಒಡೆತನ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಒಡೆಯ ತೆಗೆಸಿಕೊಂಡವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ನೌಕರಿಯ ಭಾಗವಾಗಿ ತೆಗೆದದ್ದು ಮಾಲೀಕನದು. ಅಂದರೆ ಈವರೆಗೆ ಹೋಂಸ್ಟೇಗಳಿಗೆ ತೆಗೆದುಕೊಟ್ಟ ಚಿತ್ರಗಳನ್ನು ಹೊಸ ಮಾಲೀಕರ ಪ್ರಚಾರಕ್ಕೆ ಬಳಸುವಂತಿಲ್ಲ. ಮಂಜು, ಹೊಳೆ, ಕಾಫಿ ಹೂವು ಎಂದು ನಿಮಗಾಗಿ ತೆಗೆದುಕೊಂಡ ಚಿತ್ರಗಳು ನಿಮ್ಮವು. ಅವುಗಳನ್ನು ಸೇರುವ ಮೊದಲೇ ಬೇರೆ ಹಾರ್ಡ್‌ಡಿಸ್ಕಿಗೆ ಹಾಕಿಡಿ, ಕಚೇರಿಯ ಕಂಪ್ಯೂಟರಿಗೆ ತರಲೇಬೇಡಿ. ಮುಂದೆ ಯಾವುದು ಯಾರದ್ದೆಂಬ ಜಗಳಕ್ಕೆ ಎಡೆಯಿರಬಾರದು.

ಇನ್ನು ಬಾಕಿ ವಸೂಲಿ. ರೆಸಾರ್ಟಿಗೆ ಸೇರಿದ ಸುದ್ದಿ ಹರಡಿದ ಮೇಲೆ ಆ 70,000 ಕೇಳಲು ಹೋದರೆ ಮರ್ಯಾದೆಗೆ ಚಹಾ ಕೊಟ್ಟು ಕಳುಹಿಸುತ್ತಾರೆ, ಅಷ್ಟೇ. ಅವರಿಗೆ ನಿಮ್ಮಿಂದ ಇನ್ನೇನೂ ಆಗಬೇಕಿರುವುದಿಲ್ಲ. ನೋಂದಾಯಿತ ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಕೊಡಬೇಕೆಂಬ ಕಾನೂನೇನೋ ಇದೆ, ದೂರು ಕೊಡಲು ವ್ಯವಸ್ಥೆಯೂ ಇದೆ. ಆದರೆ ನಿಮ್ಮ ಬಾಕಿದಾರರು ಪಕ್ಕದ ತೋಟದವರು, ನಾಳೆ ಒಂದೇ ಮದುವೆಯಲ್ಲಿ ಊಟಕ್ಕೆ ಕೂರುವವರು. ‘ಕಾಫಿ ಹಣ ಬರಲಿ’ ಎಂದು ಅವರು ಹೇಳುತ್ತಾ ಬಂದಿದ್ದಾರಲ್ಲ, ಆ ಮಾತನ್ನೇ ಹಿಡಿಯಿರಿ. ರೊಬಸ್ಟಾ ಕೊಯ್ಲು ಮುಗಿದು, ಒಣಗಿಸಿ, ಮಾರಿ ಹಣ ಕೈಗೆ ಬರುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಪ್ರತಿಯೊಬ್ಬರಿಗೂ ದಿನಾಂಕ ಸಹಿತ ಬಾಕಿ ಪಟ್ಟಿಯನ್ನು ಈಗಲೇ ಕಳುಹಿಸಿ, ಆಮೇಲೆ ಖುದ್ದಾಗಿ ಹೋಗಿ. ಮುಕ್ಕಾಲು ಪಾಲು ಕೊಟ್ಟರೆ ಪಡೆದು ಲೆಕ್ಕ ಮುಗಿಸಿ. ವೆಬ್‌ಸೈಟುಗಳ ಪಾಸ್‌ವರ್ಡ್, ಡೊಮೈನ್ ಹೆಸರು ಎಲ್ಲವನ್ನೂ ಅದೇ ಹೊತ್ತಿಗೆ ಒಪ್ಪಿಸಿಬಿಡಿ. ಬಾಕಿಗೆ ಪ್ರತಿಯಾಗಿ ಪಾಸ್‌ವರ್ಡ್ ಹಿಡಿದಿಟ್ಟುಕೊಳ್ಳುವ ಕೆಲವರಿದ್ದಾರೆ. ಅದು ಹೊಲಸು ಕೆಲಸ.

ಜಿಎಸ್‌ಟಿ ನೋಂದಣಿಯನ್ನು ಯಾವುದೋ ದೊಡ್ಡ ಗಿರಾಕಿ ಬಿಲ್ ಕೇಳಿದರೆಂದು ಮಾಡಿಸಿದ್ದಾಗಿ ಬರೆದಿದ್ದೀರಿ. ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಅದರ ಅಗತ್ಯವಿಲ್ಲ. ಸುಮ್ಮನೆ ಬಿಟ್ಟರೆ ವಹಿವಾಟು ಸೊನ್ನೆಯಿದ್ದರೂ ರಿಟರ್ನ್ ಸಲ್ಲಿಸುತ್ತಲೇ ಇರಬೇಕು, ತಪ್ಪಿದರೆ ವಿಳಂಬ ಶುಲ್ಕ ಬೆಳೆಯುತ್ತದೆ. ಹಳೆಯ ರಿಟರ್ನ್‌ಗಳನ್ನೆಲ್ಲ ಮುಗಿಸಿ ರದ್ದತಿಗೆ ಅರ್ಜಿ ಹಾಕಿ. ರದ್ದಾದ ಮೇಲೆ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಎಂಬುದೊಂದನ್ನು ಸಲ್ಲಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಆದಾಯ ತೆರಿಗೆಯ ವಿಷಯದಲ್ಲಿ ನಿಮಗೆ ದೊಡ್ಡ ಭಯವಿಲ್ಲ. 2025-26ರ ಸಾಲಿನಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ವರಮಾನಕ್ಕೆ ತೆರಿಗೆ ಬೀಳುವುದಿಲ್ಲ. ಆದರೂ ಈ ವರ್ಷ ಸಂಬಳ ಮತ್ತು ವ್ಯವಹಾರ ಎರಡನ್ನೂ ಒಂದೇ ರಿಟರ್ನ್‌ನಲ್ಲಿ ತೋರಿಸಬೇಕು. ಬರೀ ಸಂಬಳದವರ ಸರಳ ನಮೂನೆ ನಿಮಗೆ ನಡೆಯದು. ಗಿರಾಕಿಗಳು ಹಣ ಕೊಡುವಾಗಲೇ ತೆರಿಗೆಯೆಂದು ಮುರಿದುಕೊಂಡ ಟಿಡಿಎಸ್ ಮರಳಿ ಬರುವುದೂ ಆ ರಿಟರ್ನ್ ಮೂಲಕವೇ.

ಬೆಂಗಳೂರಿನ ಮೂರು ವರ್ಷಗಳ ಪಿಎಫ್ ಏನಾಯಿತು? ಪತ್ರದಲ್ಲಿ ಅದರ ಸುಳಿವಿಲ್ಲ. ಹಣ ತೆಗೆದಿರದಿದ್ದರೆ ಹಳೆಯ ಖಾತೆ ಸಂಖ್ಯೆಯನ್ನು ಹುಡುಕಿ, ಹೊಸ ಖಾತೆಗೆ ವರ್ಗಾಯಿಸಿ. ಪಿಎಫ್ ಜೊತೆಗಿರುವ ಪಿಂಚಣಿಗೆ ಕನಿಷ್ಠ ಹತ್ತು ವರ್ಷಗಳ ಸೇವೆ ಬೇಕು, 58ರಿಂದ ಅದು ಶುರುವಾಗುತ್ತದೆ; ಆ ಮೂರು ವರ್ಷವೂ ಲೆಕ್ಕಕ್ಕೆ ಸೇರಬಹುದು. ಪಿಂಚಣಿಯ ಪಾಲನ್ನೂ ಆಗಲೇ ತೆಗೆದುಕೊಂಡಿದ್ದರೆ ಕಥೆ ಬೇರೆ. 2014ರ ಸೆಪ್ಟೆಂಬರ್ ನಂತರ ಹೊಸದಾಗಿ ಸೇರುವವರ ಮೂಲ ವೇತನ 15,000 ದಾಟಿದ್ದರೆ ಪಿಂಚಣಿ ಯೋಜನೆಗೆ ಸೇರಿಸುವುದಿಲ್ಲ, ಮಾಲೀಕನ ಪಾಲು ಪೂರ್ತಿ ಭವಿಷ್ಯ ನಿಧಿಗೇ ಹೋಗುತ್ತದೆ. ಸಂಬಳ ಪತ್ರ ಮೊದಲ ತಿಂಗಳು ಬಂದಾಗಲೇ ಇದನ್ನು ನೋಡಿಕೊಳ್ಳಿ. ಆರೋಗ್ಯ ವಿಮೆ ಸಂಸ್ಥೆ ಕೊಟ್ಟರೂ ನಿಮ್ಮ ಕುಟುಂಬದ ಸ್ವಂತ ಪಾಲಿಸಿಯನ್ನು ನಿಲ್ಲಿಸಬೇಡಿ, ಅವರದ್ದು ನೌಕರಿಯ ಜೊತೆಗೇ ಮುಗಿಯುತ್ತದೆ. ಮನೆ ಸಾಲಕ್ಕೆ ಪ್ರೊಬೇಷನ್ ಮುಗಿದು ಕಾಯಂ ಪತ್ರ ಬಂದ ಮೇಲೆ ಹೋಗಿ. ಅದಕ್ಕೂ ಮೊದಲು ಹೋಗಿ ಮತ್ತೊಮ್ಮೆ ಇಲ್ಲವೆನ್ನಿಸಿಕೊಳ್ಳುವುದೇಕೆ?

ಜನರಲ್ ಮ್ಯಾನೇಜರ್ ಜೊತೆಗಿನ ಮಾತುಕತೆಗೆ ಬರೋಣ. ನಿಮ್ಮ ಕೆಲಸ ಅವರಿಗೆ ಗೊತ್ತಿದೆ, ಇಲ್ಲದಿದ್ದರೆ ಕರೆಯುತ್ತಿರಲಿಲ್ಲ. ಅವರ ಮನಸ್ಸಿನಲ್ಲಿರುವ ಅನುಮಾನ ಎರಡೇ: ಸೀಸನ್ ಬಂದಾಗ ಈತ ಬಿಟ್ಟು ಹೋಗುತ್ತಾನೆಯೇ? ಹೇಳಿದ ಮಾತು ಕೇಳುತ್ತಾನೆಯೇ? ಮೊದಲನೆಯದಕ್ಕೆ ಉತ್ತರ ಮಾತಿನಲ್ಲಿ ಕೊಡಲು ಬರುವುದಿಲ್ಲ. ಜಿಎಸ್‌ಟಿ ರದ್ದತಿಗೆ ಅರ್ಜಿ ಹಾಕಿದ್ದೇನೆ, ಹೋಂಸ್ಟೇ ಒಪ್ಪಂದಗಳನ್ನು ಇಂಥ ದಿನಕ್ಕೆ ಮುಗಿಸುತ್ತಿದ್ದೇನೆ ಎಂದರೆ ಅವರು ನಂಬುತ್ತಾರೆ. ಎರಡನೆಯದಕ್ಕೆ, ಗಿರಾಕಿಯೊಬ್ಬರು ನಿಮ್ಮ ಕೆಲಸವನ್ನು ಪೂರ್ತಿ ತಿರಸ್ಕರಿಸಿದಾಗ ಏನು ಮಾಡಿದಿರಿ ಎಂಬ ನಿಜವಾದ ಪ್ರಸಂಗವೊಂದನ್ನು ಸಿದ್ಧಪಡಿಸಿಕೊಳ್ಳಿ. ಬಯೋಡೇಟಾದಲ್ಲಿ ‘ಸಂಸ್ಥಾಪಕ ಮತ್ತು ಮುಖ್ಯ ಕಾರ್ಯನಿರ್ವಾಹಕ’ ಎಂದು ಬರೆದಿದ್ದೀರಿ, ಅದನ್ನು ತೆಗೆಯಿರಿ. ಇಬ್ಬರ ಸಂಸ್ಥೆಗೆ ಅದು ಭಾರವಾಯಿತು. ‘ಛಾಯಾಗ್ರಾಹಕ ಮತ್ತು ಪ್ರಚಾರ ಸಲಹೆಗಾರ, 2013ರಿಂದ’ ಎಂದು ಸಾಕು. ಅದರ ಕೆಳಗೆ ಯಾವ ಬಗೆಯ ಗಿರಾಕಿಗಳು, ನೀವು ಕೈ ಹಾಕಿದ ಮೇಲೆ ನೇರ ಬುಕಿಂಗ್ ಎಷ್ಟು ಹೆಚ್ಚಾಯಿತು, ಮಾತಾಡಿ ನೋಡಬಹುದಾದ ಇಬ್ಬರು ಯಾರು ಎಂಬುದಿರಲಿ. 2018, 2019, 2020ರಲ್ಲಿ ಆದಾಯ ಕುಸಿದದ್ದಕ್ಕೆ ಕ್ಷಮೆ ಕೇಳುವ ದನಿ ಬೇಡ. ಕೊಡಗಿನಲ್ಲಿ ಆತಿಥ್ಯದ ವ್ಯವಹಾರ ಮಾಡುವ ಯಾರಿಗೂ ಆ ವರ್ಷಗಳನ್ನು ವಿವರಿಸಬೇಕಿಲ್ಲ. ಬುಕಿಂಗ್ ರದ್ದಾದ ಗಿರಾಕಿಗಳನ್ನು ನಿಮ್ಮ ಹೋಂಸ್ಟೇಗಳು ಹೇಗೆ ಉಳಿಸಿಕೊಂಡವು ಎಂಬುದನ್ನು ಮಾತ್ರ ಹೇಳಿ, ರೆಸಾರ್ಟಿಗೆ ಮುಂದಿನ ಮಳೆಗಾಲಕ್ಕೆ ಬೇಕಾದದ್ದು ಅದೇ.

ಹೊಂದಿಕೊಳ್ಳಲು ಆದೀತೇ ಎಂದರೆ, ದೊಡ್ಡ ವಿಷಯಗಳಲ್ಲಿ ನಿಮಗೆ ಕಷ್ಟವಾಗದು. ಕಿರಿಕಿರಿಯಾಗುವುದು ಸಣ್ಣ ಸಂಗತಿಗಳಲ್ಲಿ. ಆರುನೂರು ರೂಪಾಯಿಯ ಮೆಮೊರಿ ಕಾರ್ಡಿಗೆ ಖರೀದಿ ವಿಭಾಗದ ಅರ್ಜಿ, ಮೂರು ಸಹಿ, ಒಂದು ವಾರ. ನಿಮಗಿಂತ ಹತ್ತು ವರ್ಷ ಕಿರಿಯ ಅಧಿಕಾರಿ, ಅವರಿಗೆ ಬೆಳಗ್ಗೆ ವರದಿ. ಮೊದಲ ಮೂರು ತಿಂಗಳು ಏನನ್ನೂ ಸುಧಾರಿಸಲು ಹೋಗಬೇಡಿ. ಅಲ್ಲಿ ಯಾವ ಕೆಲಸ ಯಾರ ಮೇಜಿನಿಂದ ಸಾಗುತ್ತದೆಂದು ನೋಡಿ ತಿಳಿಯಿರಿ. ರಜೆಯ ಬಗ್ಗೆ ಮಾತ್ರ ಮೊದಲೇ ಮಾತಾಡಿಕೊಳ್ಳಿ. ದಸರೆ, ದೀಪಾವಳಿ, ಡಿಸೆಂಬರ್ ಕೊನೆಯ ವಾರ ನಿಮಗೆ ರಜೆ ಸಿಗುವುದಿಲ್ಲ, ಅದನ್ನು ಮನೆಯವರಿಗೆ ಈಗಲೇ ಹೇಳಿಡಿ. ಬದಲಿಗೆ ನಮ್ಮ ಕೊಡಗಿನ ಹಬ್ಬಗಳಾದ ಕೈಲುಮುಹೂರ್ತ, ಹುತ್ತರಿ ದಿನಗಳನ್ನು ಕೇಳಿ ಇಟ್ಟುಕೊಳ್ಳಿ. ಹೊರಗಿನಿಂದ ಬಂದ ಮ್ಯಾನೇಜರಿಗೆ ಹುತ್ತರಿ ಹುಣ್ಣಿಮೆ ಬರೀ ಒಂದು ಮಾಮೂಲಿ ದಿನ.

ಊರಿನವರು ಸೋತು ಬಂದನೆನ್ನುತ್ತಾರೆ ಎಂದು ಎರಡು ಸಾಲು ಬರೆದು ಅಡ್ಡಗೀಟು ಹಾಕಿದ್ದೀರಿ. ಅನ್ನುವವರು ಅನ್ನುತ್ತಾರೆ. ಅವರಲ್ಲಿ ಯಾರೂ ನಿಮ್ಮ ಕಂತು ಕಟ್ಟುವವರಲ್ಲ.

ಹುಡುಗನ ವಿಚಾರದಲ್ಲಿ ನೀವು ಏನೂ ಕೇಳಿಲ್ಲ, ಆದರೂ ಹೇಳಬೇಕು. ಅವನಿಗೆ ಇವತ್ತೇ ತಿಳಿಸಿ, ಮೇ ತಿಂಗಳ ಕೊನೆಗಲ್ಲ. ಐದು ವರ್ಷ ಜೊತೆಗಿದ್ದವನಿಗೆ ಮದುವೆ ಕೆಲಸ ಪೂರ್ತಿ ಗೊತ್ತಿರುತ್ತದೆ. ಏಳು ಮದುವೆಗಳಲ್ಲಿ ಎರಡನ್ನಾದರೂ ಅವನೇ ಮುಂದೆ ನಿಂತು ಮಾಡಲಿ, ಮುಂದಿನ ವರ್ಷ ಕೇಳಿಕೊಂಡು ಬರುವವರನ್ನು ಅವನ ಬಳಿಗೆ ಕಳುಹಿಸಿ. ಹೊಸ ಮುಂಗಡಗಳನ್ನು ಅವನೇ ತನ್ನ ಹೆಸರಿನಲ್ಲಿ ಪಡೆಯಲಿ. ನಿಮ್ಮದು ಒಬ್ಬರ ಮಾಲೀಕತ್ವದ ವ್ಯವಹಾರ, ಅದರ ಹೆಸರಿನಲ್ಲಿ ಯಾರು ಮುಂಗಡ ಪಡೆದರೂ ಕೊನೆಗೆ ಹೊಣೆ ನಿಮ್ಮ ತಲೆಗೇ ಬರುತ್ತದೆ.

ಈಗ ಕ್ಯಾಮೆರಾ. ಎಲ್ಲವನ್ನೂ ಮಾರಬೇಡಿ, ಎಲ್ಲವನ್ನೂ ಇಟ್ಟುಕೊಳ್ಳಲೂ ಬೇಡಿ. ಹದಿನಾಲ್ಕು ಕಂತು ಉಳಿದಿದೆ ಎಂದಿದ್ದೀರಿ, 1.19 ಲಕ್ಷ. ಸಾಲವಿರುವ ಉಪಕರಣ ಯಾವುದೆಂದು ನೋಡಿ. ಅದು ಬ್ಯಾಂಕಿಗೆ ಅಡವಿದ್ದರೆ ಅನುಮತಿಯಿಲ್ಲದೆ ಮಾರುವಂತಿಲ್ಲ. ಡ್ರೋನ್, ಎರಡನೇ ಕ್ಯಾಮೆರಾ, ದೀಪಗಳು ಸುಮ್ಮನಿಟ್ಟಷ್ಟೂ ಬೆಲೆ ಕಳೆದುಕೊಳ್ಳುತ್ತವೆ, ಕೊಡಗಿನ ಮಳೆಗಾಲದ ತೇವದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುವುದು ಬೇರೆ. ಅವುಗಳನ್ನು ಮೇ ಮುಗಿದ ಕೂಡಲೇ ಮಾರಿ, ಹುಡುಗನಿಗೆ ಬೇಕಿದ್ದರೆ ಅವನಿಗೇ ಮೊದಲು ಕೇಳಿ, ಕಂತಿನಲ್ಲಾದರೂ ಕೊಡಲಿ. ಆ ಹಣವನ್ನೂ ಮಾರ್ಚ್‌ನಲ್ಲಿ ವಸೂಲಾದ ಬಾಕಿಯನ್ನೂ ಸೇರಿಸಿ ಸಾಲವನ್ನು ಮುಗಿಸಿಬಿಟ್ಟರೆ ಸಂಬಳದಲ್ಲಿ ತಿಂಗಳಿಗೆ 8,500 ಉಳಿಯುತ್ತದೆ, ಮೇಲೆ ಹೇಳಿದ 28,000 ಮತ್ತೆ 36,500 ಆಗುತ್ತದೆ. ಅವಧಿಗೆ ಮುನ್ನ ಮುಗಿಸಲು ಶುಲ್ಕವೆಷ್ಟೆಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ. ಒಂದು ಒಳ್ಳೆಯ ಕ್ಯಾಮೆರಾ, ನಿಮಗಿಷ್ಟವಾದ ಎರಡು ಲೆನ್ಸ್ ಮನೆಯಲ್ಲಿರಲಿ. ರೆಸಾರ್ಟಿನ ಕೆಲಸಕ್ಕೆ ಅವನ್ನು ಒಯ್ಯಬೇಡಿ. ಅಲ್ಲಿಗೆ ಬೇಕಾದ ಕ್ಯಾಮೆರಾವನ್ನು ಅವರೇ ಕೊಳ್ಳಲಿ.